ಕಾಲೇಜಿನ ಹೆಸರು, ವೈದ್ಯನ ಅರ್ಹತೆ

ಒಬ್ಬ ಮನುಷ್ಯನ ಯೋಗ್ಯತೆಯನ್ನು ಅಳೆಯುವಾಗ ಅವನು ಏನಾಗಿದ್ದಾನೆ ಎಂಬುದನ್ನು ನೋಡಬೇಕೋ, ಎಲ್ಲಿಂದ ಬಂದಿದ್ದಾನೆ ಎಂಬುದನ್ನು ನೋಡಬೇಕೋ? ಈ ಪ್ರಶ್ನೆ ಹಳೆಯದು. ಹುಟ್ಟಿದ ಮನೆತನದಿಂದ ವ್ಯಕ್ತಿಯ ಬೆಲೆ ಕಟ್ಟುವುದು ತಪ್ಪೆಂದು ಇಂದು ವಿಚಾರವಂತರೆಲ್ಲ ಒಪ್ಪುತ್ತಾರೆ. ಆದರೆ ಮನೆತನದ ಸ್ಥಾನದಲ್ಲಿ ಕಾಲೇಜು ಬಂದು ಕುಳಿತಾಗ ಅದೇ ಅಳತೆಗೋಲು ನ್ಯಾಯವಾದದ್ದೆಂಬಂತೆ ತೋರತೊಡಗುತ್ತದೆ. ಕಾಲೇಜು ಹುಟ್ಟಿನಿಂದ ಬಂದದ್ದಲ್ಲ, ದುಡಿಮೆಯಿಂದ ಗಳಿಸಿದ್ದು ಎಂಬ ಸಮಾಧಾನ ಅದಕ್ಕಿದೆ. ಈ ಸಮಾಧಾನ ಎಷ್ಟರ ಮಟ್ಟಿಗೆ ಸರಿ, ಎಲ್ಲಿಗೆ ಬಂದಾಗ ಅದು ಅನ್ಯಾಯಕ್ಕೆ ದಾರಿಯಾಗುತ್ತದೆ ಎಂಬುದನ್ನು ವೈದ್ಯಕೀಯ ಶಿಕ್ಷಣದ ನಿದರ್ಶನದಿಂದ ಪರಿಶೀಲಿಸುವುದು ಉಚಿತವಾಗಿದೆ. ಏಕೆಂದರೆ ಇಲ್ಲಿ ಪ್ರತಿಷ್ಠೆಯ ಪ್ರಶ್ನೆ ವಿದ್ಯಾರ್ಥಿಯ ಭವಿಷ್ಯದ ಪ್ರಶ್ನೆ ಮಾತ್ರವಲ್ಲ. ರೋಗಿಯ ಪ್ರಾಣದ ಪ್ರಶ್ನೆಯೂ ಹೌದು.

೧೯೯೭ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಸ್ವತಂತ್ರ ಜಿಲ್ಲೆಯಾದ ಹಾವೇರಿಗೆ ತನ್ನದೇ ಆದ ವೈದ್ಯಕೀಯ ಕಾಲೇಜು ದೊರೆಯಲು ಇಪ್ಪತ್ತೈದು ವರ್ಷಗಳು ಬೇಕಾದವು. ೨೦೨೨ರಲ್ಲಿ ಹಾವೇರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ೧೫೦ ವಿದ್ಯಾರ್ಥಿಗಳ ಪ್ರವೇಶಾನುಮತಿಯೊಡನೆ ಆರಂಭವಾಯಿತು. ಅದಕ್ಕೆ ಮೊದಲು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಮಕ್ಕಳು ವೈದ್ಯರಾಗಬೇಕಾದರೆ ಉತ್ತರಕ್ಕೆ ಹುಬ್ಬಳ್ಳಿಗೋ ದಕ್ಷಿಣಕ್ಕೆ ದಾವಣಗೆರೆಗೋ ಅಥವಾ ಇನ್ನೂ ದೂರಕ್ಕೋ ಹೋಗಬೇಕಾಗಿತ್ತು. ಹುಬ್ಬಳ್ಳಿಯ ಕರ್ನಾಟಕ ವೈದ್ಯಕೀಯ ಕಾಲೇಜು ೧೯೫೭ರಲ್ಲಿಯೂ ದಾವಣಗೆರೆಯ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ೧೯೬೫ರಲ್ಲಿಯೂ ಸ್ಥಾಪಿತವಾದವು. ಈ ಮೂರೂ ಊರುಗಳು ಹುಬ್ಬಳ್ಳಿ ಮತ್ತು ಹರಿಹರಗಳ ನಡುವಣ ಒಂದೇ ರೈಲುಮಾರ್ಗದ ಮೇಲಿವೆ. ವಿದ್ಯೆಗಾಗಿ ಮಕ್ಕಳು ಹಿಡಿದ ದಾರಿಯನ್ನೇ ತಜ್ಞವೈದ್ಯರಿಗಾಗಿ ರೋಗಿಗಳೂ ಹಿಡಿಯುತ್ತ ಬಂದರು.

ಹಾವೇರಿ ಕಾಲೇಜಿನ ಮೊದಲ ತಂಡದವರು ನಾಲ್ಕೂವರೆ ವರ್ಷಗಳ ವ್ಯಾಸಂಗವನ್ನೂ ಒಂದು ವರ್ಷದ ಹೌಸ್ ಸರ್ಜನ್ ಅವಧಿಯನ್ನೂ ಮುಗಿಸಿ ೨೦೨೮ರ ಸುಮಾರಿಗೆ ಹೊರಬರಬೇಕು. ಅವರಿಗೂ ಹುಬ್ಬಳ್ಳಿಯ ಸರ್ಕಾರಿ ಕಾಲೇಜಿನವರಿಗೂ ಪದವಿ ನೀಡುವುದು ಒಂದೇ ವಿಶ್ವವಿದ್ಯಾಲಯ, ೧೯೯೬ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಪಠ್ಯಕ್ರಮ ಒಂದೇ, ಪದವಿಪತ್ರ ಒಂದೇ, ಕಾನೂನಿನ ದೃಷ್ಟಿಯಲ್ಲಿ ಅಧಿಕಾರವೂ ಒಂದೇ. ಹೀಗಿದ್ದೂ ಒಬ್ಬನಿಗೆ ಆರು ದಶಕಗಳ ಹೆಸರಿನ ಬೆಂಬಲವಿದೆ, ಇನ್ನೊಬ್ಬನಿಗೆ ಅದಿಲ್ಲ. ಶಸ್ತ್ರಚಿಕಿತ್ಸೆ, ರೇಡಿಯಾಲಜಿ, ಚರ್ಮರೋಗ, ಜನರಲ್ ಮೆಡಿಸಿನ್, ಮುಂದೆ ಹೃದ್ರೋಗ, ನರರೋಗ ಮೊದಲಾದ ತಜ್ಞ ವಿಭಾಗಗಳ ಬಾಗಿಲ ಮುಂದೆ ಇವರಿಬ್ಬರೂ ನಿಂತಾಗ ಈ ವ್ಯತ್ಯಾಸಕ್ಕೆ ಬೆಲೆ ಕೊಡಬೇಕೇ ಎಂಬುದೇ ಇಲ್ಲಿನ ಜಿಜ್ಞಾಸೆ.

ಹೆಸರಿನ ಪಕ್ಷದಲ್ಲಿ ಹೇಳಬಹುದಾದದ್ದನ್ನು ಮೊದಲು ಕೇಳುವುದು ನ್ಯಾಯ. ರಾಣೆಬೆನ್ನೂರು ಮತ್ತು ಅದರ ಸುತ್ತಲಿನ ಪ್ರದೇಶ ಸಂಕರಣ ಬೀಜೋತ್ಪಾದನೆಗೆ ಹೆಸರಾದದ್ದು. ಹತ್ತಿ, ತರಕಾರಿಗಳ ಬೀಜವನ್ನು ಕೊಳ್ಳುವ ರೈತನು ಅಂಗಡಿಯಲ್ಲಿ ನಿಂತು ಬೀಜದ ಒಳಗನ್ನು ಕಾಣಲಾರ. ಅದು ಮೊಳೆಯುವುದೋ ಇಲ್ಲವೋ, ಮೊಳೆತದ್ದು ಕಾಯಿ ಕಟ್ಟುವುದೋ ಇಲ್ಲವೋ ತಿಳಿಯುವ ಹೊತ್ತಿಗೆ ಮಳೆಗಾಲ ಕಳೆದಿರುತ್ತದೆ. ತಪ್ಪಿದರೆ ಒಂದು ವರ್ಷದ ದುಡಿಮೆಯೇ ಹೋಗುತ್ತದೆ. ಆದುದರಿಂದ ಅವನು ಪೊಟ್ಟಣದ ಮೇಲಿನ ಹೆಸರನ್ನು ನಂಬುತ್ತಾನೆ. ಇದು ಮೂಢನಂಬಿಕೆಯಲ್ಲ, ವ್ಯವಹಾರ ವಿವೇಕ. ರೋಗಿಯ ಸ್ಥಿತಿಯೂ ಇಂಥದೇ. ಶಸ್ತ್ರವೈದ್ಯನ ಕೈಚಳಕವನ್ನು ಮುಂಚಿತವಾಗಿ ಪರೀಕ್ಷಿಸಿ ನೋಡುವ ಅವಕಾಶ ರೋಗಿಗಿಲ್ಲ. ಒಳ್ಳೆಯ ಗುರುಗಳೂ ಅಪಾರ ರೋಗಿಗಳೂ ಇರುವ ಹಳೆಯ ಆಸ್ಪತ್ರೆಯಲ್ಲಿ ಕಲಿತವನು ಹೆಚ್ಚು ಕಲಿತಿರಬಹುದೆಂದು ಅವನು ಊಹಿಸಿದರೆ ಆ ಊಹೆಗೆ ಆಧಾರವಿದೆ. ಹೆಸರು ಎಂಬುದು ಶೂನ್ಯದಿಂದ ಹುಟ್ಟಿದ್ದಲ್ಲ; ಅನೇಕರ ಅನೇಕ ವರ್ಷಗಳ ಪ್ರಾಮಾಣಿಕ ಕೆಲಸದಿಂದ ಕೂಡಿಬಂದ ಸಾಕ್ಷ್ಯ ಅದು.

ಆದರೆ ಈ ದೃಷ್ಟಾಂತವನ್ನು ಪೂರ್ತಿಯಾಗಿ ಅನುಸರಿಸಿದರೆ ಹೆಸರಿನ ಮಿತಿಯೂ ಅದರಲ್ಲಿಯೇ ಗೋಚರಿಸುತ್ತದೆ. ೧೯೬೬ರ ಬೀಜ ಕಾಯ್ದೆಯ ವ್ಯವಸ್ಥೆಯು ಕಂಪನಿಯ ಕೀರ್ತಿಯನ್ನು ನಂಬಿ ಸುಮ್ಮನಾಗಲಿಲ್ಲ. ಪೊಟ್ಟಣದ ಮೇಲೆ ಆ ಬೀಜದ ಲಾಟ್ ಸಂಖ್ಯೆ, ಮೊಳಕೆಯ ಪ್ರಮಾಣ, ಪರೀಕ್ಷಿಸಿದ ದಿನಾಂಕ ಇವುಗಳನ್ನು ನಮೂದಿಸಬೇಕೆಂದು ಅದು ವಿಧಿಸಿತು. ಪರೀಕ್ಷೆಯ ಫಲಕ್ಕೂ ಒಂದು ಅವಧಿಯಿದೆ. ಅವಧಿ ಮೀರಿದ ಬೀಜಕ್ಕೆ ಹಿಂದಿನ ಪ್ರಮಾಣಪತ್ರ ರಕ್ಷೆಯಾಗದು. ಇದರ ಅರ್ಥ ಸ್ಪಷ್ಟ. ಸಾಕ್ಷ್ಯವು ಕೈಯಲ್ಲಿರುವ ಬೀಜಕ್ಕೆ ಸಂಬಂಧಿಸಿರಬೇಕೇ ಹೊರತು ಅದೇ ಹೆಸರಿನಲ್ಲಿ ಹಿಂದೆ ಮಾರಿದ ಬೀಜಕ್ಕಲ್ಲ. ಕಾಲೇಜಿನ ಹೆಸರು ಹೇಳುವುದು ಹಿಂದೆ ಅಲ್ಲಿಂದ ಬಂದವರ ಸರಾಸರಿಯನ್ನು. ಎದುರಿಗೆ ನಿಂತಿರುವವನು ಸರಾಸರಿಯಲ್ಲ, ಒಬ್ಬ ವ್ಯಕ್ತಿ. ಪ್ರಸಿದ್ಧ ಕಾಲೇಜಿನಲ್ಲಿ ಉದಾಸೀನನಾಗಿ ಕಾಲ ಕಳೆದವನಿಗೂ, ಅಪ್ರಸಿದ್ಧ ಕಾಲೇಜಿನಲ್ಲಿ ರಾತ್ರಿಯೆಲ್ಲ ರೋಗಿಯ ಮಂಚದ ಬಳಿ ನಿಂತು ಕಲಿತವನಿಗೂ ಈ ಸರಾಸರಿ ಸಮಾನವಾಗಿ ಅನ್ಯಾಯ ಮಾಡುತ್ತದೆ: ಒಬ್ಬನಿಗೆ ಅನರ್ಹವಾದ ಮನ್ನಣೆಯನ್ನು ಕೊಟ್ಟು, ಇನ್ನೊಬ್ಬನಿಂದ ಅರ್ಹವಾದ ಮನ್ನಣೆಯನ್ನು ಕಸಿದು.

ಬ್ಯಾಡಗಿಯ ಮಾರುಕಟ್ಟೆ ಈ ವಿಷಯದಲ್ಲಿ ಇನ್ನೊಂದು ಪಾಠವನ್ನು ಕಲಿಸುತ್ತದೆ. ಗಾಢ ಕೆಂಪು ಬಣ್ಣಕ್ಕೂ ಮೆಲುವಾದ ಖಾರಕ್ಕೂ ಹೆಸರಾದ ಬ್ಯಾಡಗಿ ಮೆಣಸಿನಕಾಯಿಗೆ ೨೦೧೧ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಊರಿನ ಹೆಸರೇ ಸರಕಿನ ಹೆಸರಾಗಿ ದೇಶವಿದೇಶಗಳಲ್ಲಿ ಚಲಾವಣೆಯಲ್ಲಿದೆ. ಆದರೂ ಆ ಮಾರುಕಟ್ಟೆಯ ಅನುಭವಸ್ಥ ವ್ಯಾಪಾರಿ ಹೆಸರು ಕೇಳಿ ಬೆಲೆ ಹೇಳುವುದಿಲ್ಲ. ದಲಾಲಿ ಅಂಗಡಿಯ ಮುಂದೆ ಚೀಲದ ಬಾಯಿ ಬಿಚ್ಚಿಸುತ್ತಾನೆ. ಕೈಹಾಕಿ ಒಳಗಿನ ಕಾಯಿಯನ್ನು ತೆಗೆದು ಬಣ್ಣ ನೋಡುತ್ತಾನೆ, ತೇವ ನೋಡುತ್ತಾನೆ, ಕಡ್ಡಿಯೋ ಡಬ್ಬಿಯೋ ಎಂದು ಗುರುತಿಸುತ್ತಾನೆ. ಚೀಲ ಯಾವ ಜಿಲ್ಲೆಯ ಹೊಲದಿಂದ ಬಂದಿತೆಂಬುದು ಅವನಿಗೆ ಆಮೇಲಿನ ಮಾತು. ಹೆಸರು ಸರಕನ್ನು ಮಾರುಕಟ್ಟೆಯವರೆಗೆ ತರಬಹುದು. ಬೆಲೆ ನಿಶ್ಚಯವಾಗುವುದು ಚೀಲ ಬಿಚ್ಚಿದ ಮೇಲೆ. ಬೀಜವನ್ನು ಬಿಚ್ಚಿ ನೋಡಲಾಗದು, ಮೆಣಸಿನಕಾಯಿಯನ್ನು ನೋಡಬಹುದು. ಆದುದರಿಂದ ನೀತಿಯ ಸೂತ್ರವನ್ನು ಹೀಗೆ ಹೇಳಬಹುದು: ವ್ಯಕ್ತಿಯನ್ನು ನೇರವಾಗಿ ಪರೀಕ್ಷಿಸಲು ಸಾಧ್ಯವಿಲ್ಲದ ಕಡೆ ಹೆಸರು ಒಂದು ಸಾಕ್ಷ್ಯವಾಗಬಹುದು, ಪರೀಕ್ಷಿಸಲು ಸಾಧ್ಯವಿರುವ ಕಡೆ ಹೆಸರು ಮೌನವಾಗಿರಬೇಕು.

ಭಾರತದ ನ್ಯಾಯಾಲಯಗಳು ಈ ಸೂತ್ರದ ಸುತ್ತಲೇ ನಾಲ್ಕು ದಶಕಗಳ ಕಾಲ ವಿಚಾರ ನಡೆಸಿವೆ. ೧೯೮೪ರಲ್ಲಿ ಡಾ. ಪ್ರದೀಪ್ ಜೈನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಸ್ನಾತಕೋತ್ತರ ವೈದ್ಯಕೀಯ ಪ್ರವೇಶದಲ್ಲಿ ವಾಸಸ್ಥಳದ ಆಧಾರದ ಮೀಸಲಾತಿ ಸಲ್ಲದೆಂದು ಹೇಳಿತು. ಆದರೆ ಅದೇ ಕಾಲೇಜಿನಲ್ಲಿ ಅಥವಾ ವಿಶ್ವವಿದ್ಯಾಲಯದಲ್ಲಿ ಎಂ.ಬಿ.ಬಿ.ಎಸ್. ಓದಿದವರಿಗೆ ಸ್ಥಾನಗಳ ಅರ್ಧದಷ್ಟನ್ನು ಮೀರದಂತೆ ಸಾಂಸ್ಥಿಕ ಆದ್ಯತೆ ನೀಡಬಹುದೆಂದೂ, ನರಶಸ್ತ್ರಚಿಕಿತ್ಸೆ, ಹೃದ್ರೋಗದಂಥ ಅತ್ಯುನ್ನತ ವಿಭಾಗಗಳಲ್ಲಿ ಅದೂ ಕೂಡದೆಂದೂ ನಿರ್ಣಯಿಸಿತು. ೨೦೦೧ರಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ತನ್ನ ಪದವೀಧರರಿಗೆ ಸ್ನಾತಕೋತ್ತರ ಸ್ಥಾನಗಳಲ್ಲಿ ಇರಿಸಿಕೊಂಡಿದ್ದ ಶೇಕಡ ೩೩ರ ಮೀಸಲಾತಿ ನ್ಯಾಯಾಲಯದ ಮುಂದೆ ಬಂದಿತು. ದೇಶದಲ್ಲಿ ಅತ್ಯಂತ ಪ್ರತಿಷ್ಠಿತವೆನಿಸಿದ ಸಂಸ್ಥೆಯ ವಿದ್ಯಾರ್ಥಿಗಳು ಇತರರಿಗಿಂತ ಕಡಿಮೆ ಅಂಕ ಪಡೆದೂ ಸ್ಥಾನ ಗಳಿಸುತ್ತಿದ್ದುದು ವಿಚಾರಣೆಯಲ್ಲಿ ಗಮನಕ್ಕೆ ಬಂದಿತು. ಆ ಮೀಸಲಾತಿ ರದ್ದಾಯಿತು. ೨೦೦೩ರಲ್ಲಿ ಸೌರಭ್ ಚೌಧರಿ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು ಅರ್ಧದವರೆಗಿನ ಸಾಂಸ್ಥಿಕ ಆದ್ಯತೆಯನ್ನು ಉಳಿಸಿ, ಉಳಿದರ್ಧವನ್ನು ಅಖಿಲ ಭಾರತ ಸ್ಪರ್ಧೆಗೆ ತೆರೆಯಿತು. ೨೦೨೫ರ ಜನವರಿಯಲ್ಲಿ ತನ್ವಿ ಬೆಹ್ಲ್ ಪ್ರಕರಣದಲ್ಲಿ ವಾಸಸ್ಥಳದ ಮೀಸಲಾತಿಯು ಸ್ನಾತಕೋತ್ತರ ಹಂತದಲ್ಲಿ ಸಂವಿಧಾನದ ಸಮಾನತೆಯ ತತ್ತ್ವಕ್ಕೆ ವಿರುದ್ಧವೆಂದು ಪುನರುಚ್ಚರಿಸಲಾಯಿತು. ಪರಿಮಿತವಾದ ಸಾಂಸ್ಥಿಕ ಆದ್ಯತೆಗೆ ಮಾತ್ರ ಅವಕಾಶ ಉಳಿಯಿತು.

ಈ ತೀರ್ಪುಗಳಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ವಿದ್ಯೆಯ ಮೆಟ್ಟಿಲು ಮೇಲೇರಿದಂತೆ ‘ಎಲ್ಲಿಂದ ಬಂದವನು’ ಎಂಬ ಪ್ರಶ್ನೆಗೆ ಅವು ಕೊಡುವ ಬೆಲೆ ಕಡಿಮೆಯಾಗುತ್ತ ಹೋಗುತ್ತದೆ. ಪದವಿಯ ಹಂತದಲ್ಲಿ ಪ್ರದೇಶದ ಹಿತಕ್ಕೆ ಹೆಚ್ಚು ಅವಕಾಶ. ತಜ್ಞತೆಯ ಹಂತದಲ್ಲಿ ಸ್ವಲ್ಪ. ಅತ್ಯುನ್ನತ ತಜ್ಞತೆಯಲ್ಲಿ ಇಲ್ಲವೇ ಇಲ್ಲವೆಂಬಷ್ಟು. ಮೆದುಳಿನ ಮೇಲೆ ಶಸ್ತ್ರವಿಡುವವನ ಕೈ ಸ್ಥಿರವಾಗಿರಬೇಕು. ಆ ಕೈ ಯಾವ ಊರಿನದು, ಯಾವ ಕಾಲೇಜಿನದು ಎಂಬುದು ರೋಗಿಗೆ ಬೇಕಾದುದಲ್ಲ.

ಸಾಂಸ್ಥಿಕ ಆದ್ಯತೆಯನ್ನು ಸಮರ್ಥಿಸುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಐದು ವರ್ಷ ಕಣ್ಣೆದುರಿಗೆ ಬೆಳೆದ ಶಿಷ್ಯನನ್ನು ಗುರುವು ಯಾವ ಪರೀಕ್ಷೆಗಿಂತಲೂ ಚೆನ್ನಾಗಿ ಬಲ್ಲನು. ವಿದ್ಯೆಯ ನಿರಂತರತೆಗೆ ಒಂದು ಬೆಲೆಯಿದೆ. ಶಿಷ್ಯನಿಗೂ ಆ ಆಸ್ಪತ್ರೆಯ ಭಾಷೆ, ಜನ, ರೋಗಗಳು ಪರಿಚಿತ ಎಂಬುದು ಅವರ ವಾದ. ಇದು ಗುರುವು ಶಿಷ್ಯನನ್ನು ನಿಜವಾಗಿ ಬಲ್ಲ ಕಡೆ ಸತ್ಯ. ಆದರೆ ಆದ್ಯತೆಯ ನಿಯಮವು ಗುರುವಿನ ಬಲ್ಲವಿಕೆಯನ್ನು ಕೇಳುವುದಿಲ್ಲ. ಪದವಿಪತ್ರದ ಮೇಲಿನ ಕಾಲೇಜಿನ ಹೆಸರನ್ನು ಮಾತ್ರ ಕೇಳುತ್ತದೆ. ಇದಲ್ಲದೆ, ಸ್ನಾತಕೋತ್ತರ ಸ್ಥಾನಗಳು ಹಳೆಯ ಕಾಲೇಜುಗಳಲ್ಲಿ ಹೆಚ್ಚು, ಹೊಸದರಲ್ಲಿ ವಿರಳ. ಹಾವೇರಿಯಂಥ ಹೊಸ ಕಾಲೇಜಿನ ವಿದ್ಯಾರ್ಥಿಗೆ ತನ್ನ ಮನೆಯೊಳಗೆ ಆದ್ಯತೆ ಕೊಟ್ಟರೂ ಆ ಮನೆಯಲ್ಲಿ ಹಂಚಲು ಅಷ್ಟಾಗಿ ಏನೂ ಇರುವುದಿಲ್ಲ. ಹೀಗಾಗಿ ಎಲ್ಲರಿಗೂ ಸಮಾನವೆಂಬಂತೆ ಕಾಣುವ ನಿಯಮವು ಇದ್ದವನಿಗೇ ಮತ್ತಷ್ಟು ಕೊಡುತ್ತದೆ.

ಇಂದು ಭಾರತದಲ್ಲಿ ಹೆಚ್ಚಿನ ಸ್ನಾತಕೋತ್ತರ ಸ್ಥಾನಗಳಿಗೆ ದಾರಿ ನೀಟ್ ಸ್ನಾತಕೋತ್ತರ ಪರೀಕ್ಷೆ. ಇನ್ನೂರು ಪ್ರಶ್ನೆಗಳು, ಎಂಟುನೂರು ಅಂಕಗಳು. ಉತ್ತರಗಳನ್ನು ಓದುವ ಯಂತ್ರಕ್ಕೆ ಅಭ್ಯರ್ಥಿಯ ಕಾಲೇಜು ಹುಬ್ಬಳ್ಳಿಯದೋ ಹಾವೇರಿಯದೋ ತಿಳಿಯದು. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲನೊಬ್ಬನ ಮಗಳು ಹಾವೇರಿಯ ಕಾಲೇಜಿನಲ್ಲಿ ಓದುತ್ತಿದ್ದಾಳೆಂದು ಭಾವಿಸಬಹುದು. ಅವಳ ಹೆಸರಿನ ಮುಂದೆ ಯಾವ ಮನೆತನವಿಲ್ಲ, ಕಾಲೇಜಿಗೆ ಯಾವ ಚರಿತ್ರೆಯಿಲ್ಲ. ಪರಿಚಯಪತ್ರ ಬರೆದುಕೊಡುವ ಪ್ರಸಿದ್ಧ ಪ್ರಾಧ್ಯಾಪಕರಿಲ್ಲ. ಹಾಗಿದ್ದರೂ ಆ ಪರೀಕ್ಷೆಯಲ್ಲಿ ಅವಳಿಗೆ ಬಂದ ಅಂಕ ಅವಳದೇ. ಅದನ್ನು ಯಾರೂ ಕಡಿಮೆ ಮಾಡಲಾರರು. ಕುರುಡಾದ ಪರೀಕ್ಷೆಗೆ ಇರುವ ನೈತಿಕ ಬಲ ಇದು. ಅದನ್ನು ಹಗುರವಾಗಿ ಕಾಣಬಾರದು.

ಈ ಬಲದ ಬೆಲೆ ತಿಳಿಯಬೇಕಾದರೆ ಅದು ಕುಂದಿದ ಕಡೆ ಏನಾಯಿತೆಂದು ನೋಡಬೇಕು. ಅಮೆರಿಕದಲ್ಲಿ ತಜ್ಞ ತರಬೇತಿಯ ಸ್ಥಾನಗಳನ್ನು ೧೯೫೨ರಿಂದ ಒಂದು ರಾಷ್ಟ್ರೀಯ ಹೊಂದಾಣಿಕೆಯ ವ್ಯವಸ್ಥೆಯ ಮೂಲಕ ತುಂಬಲಾಗುತ್ತಿದೆ. ಅಲ್ಲಿ ಆಸ್ಪತ್ರೆಗಳು ಅಂಕಗಳೊಡನೆ ಸಂದರ್ಶನ, ಶಿಫಾರಸು, ಕಾಲೇಜಿನ ಹೆಸರುಗಳನ್ನೂ ಪರಿಗಣಿಸುತ್ತವೆ. ವಿದ್ಯಾರ್ಥಿಗಳ ಮೇಲಿನ ಒತ್ತಡವನ್ನು ತಗ್ಗಿಸಬೇಕೆಂಬ ಸದುದ್ದೇಶದಿಂದ ೨೦೨೨ರ ಜನವರಿಯಿಂದ ಅಲ್ಲಿನ ಪರವಾನಗಿ ಪರೀಕ್ಷೆಯ ಮೊದಲ ಹಂತದಲ್ಲಿ ಅಂಕಗಳನ್ನು ಕೈಬಿಟ್ಟು ಉತ್ತೀರ್ಣ, ಅನುತ್ತೀರ್ಣವೆಂದು ಮಾತ್ರ ಹೇಳುವ ಪದ್ಧತಿ ಬಂದಿತು. ಕೂಡಲೇ ಎದ್ದ ಆತಂಕವೆಂದರೆ, ಅಂಕ ಮರೆಯಾದ ಕಡೆ ಕಾಲೇಜಿನ ಹೆಸರಿಗೆ ಹೆಚ್ಚು ತೂಕ ಬಂದೀತು, ಅಪ್ರಸಿದ್ಧ ಕಾಲೇಜಿನವರಿಗೂ ವಿದೇಶಗಳಲ್ಲಿ ಓದಿ ಬಂದವರಿಗೂ ತಮ್ಮನ್ನು ತೋರಿಸಿಕೊಳ್ಳುವ ಒಂದು ಅವಕಾಶ ಕಡಿಮೆಯಾದೀತು ಎಂಬುದು. ಬ್ರಿಟನ್ನಿನಲ್ಲಿ ೨೦೨೪ರಿಂದ ಹೊಸ ವೈದ್ಯರ ಮೊದಲ ತರಬೇತಿ ಸ್ಥಾನಗಳನ್ನು ಹಂಚುವಾಗ ಕಾಲೇಜಿನ ಸಾಧನೆಯ ಅಂಕಗಳನ್ನು ಬಿಟ್ಟು, ಗಣಕಯಂತ್ರವು ಚೀಟಿ ಎತ್ತಿದಂತೆ ನೀಡುವ ಕ್ರಮಾಂಕವನ್ನು ಅನುಸರಿಸಲಾಗುತ್ತಿದೆ. ಅಲ್ಲಿ ಹೆಸರಿನ ಕಾಟ ತಪ್ಪಿತು. ಆದರೆ ಪರಿಶ್ರಮಕ್ಕೆ ಸಲ್ಲಬೇಕಾದ ಮನ್ನಣೆಯೂ ತಪ್ಪಿತೆಂದು ದೂರುವವರಿದ್ದಾರೆ. ವ್ಯಕ್ತಿಯನ್ನು ಅಳೆಯುವ ಗೋಲನ್ನು ಎತ್ತಿಟ್ಟರೆ ಆ ಜಾಗ ಖಾಲಿ ಉಳಿಯುವುದಿಲ್ಲ. ಪ್ರತಿಷ್ಠೆಯೋ ಅದೃಷ್ಟವೋ ಅಲ್ಲಿ ಬಂದು ನೆಲೆಸುತ್ತದೆ.

ಹಾಗೆಂದು ಕುರುಡು ಪರೀಕ್ಷೆಯಿಂದ ನ್ಯಾಯ ಪೂರ್ಣವಾಯಿತೆಂದು ತಿಳಿಯುವುದು ಸರಿಯಲ್ಲ. ಬಾಗಿಲಲ್ಲಿ ತಡೆದ ಹೆಸರು ಹಿತ್ತಿಲಿನಿಂದ ಒಳಗೆ ಬರುತ್ತದೆ. ಹಳೆಯ ಕಾಲೇಜಿನಲ್ಲಿ ಪರೀಕ್ಷೆಯ ಮರ್ಮವನ್ನು ತಿಳಿಸುವ ಹಿರಿಯ ವಿದ್ಯಾರ್ಥಿಗಳ ಸಾಲೇ ಇರುತ್ತದೆ. ಹೊಸ ಕಾಲೇಜಿನ ಮೊದಲ ತಂಡಕ್ಕೆ ಹಿರಿಯರೆಂಬುವರೇ ಇರುವುದಿಲ್ಲ. ಹಳೆಯ ಕಾಲೇಜಿನಲ್ಲಿ ಪ್ರತಿಯೊಂದು ವಿಭಾಗದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳಿದ್ದು ರಾತ್ರಿಯ ಪಾಳಿಯಲ್ಲಿ ಕಿರಿಯರಿಗೆ ಕಲಿಸುತ್ತಾರೆ. ಹೊಸ ಕಾಲೇಜಿನಲ್ಲಿ ಆ ಕೊಂಡಿ ಇನ್ನೂ ಬೆಳೆದಿರುವುದಿಲ್ಲ. ಕೋಚಿಂಗ್‌ಗೆ ಹಣ ಕೊಡಬಲ್ಲವನು, ಪದವಿ ಮುಗಿದ ಮೇಲೆ ಒಂದೆರಡು ವರ್ಷ ಸಂಪಾದನೆಯಿಲ್ಲದೆ ಓದುತ್ತ ಕುಳಿತಿರಬಲ್ಲವನು, ಮನೆಯ ಸಾಲ ತೀರಿಸಲು ಕೂಡಲೇ ಕೆಲಸಕ್ಕೆ ಸೇರಬೇಕಾದವನು, ಇವರೆಲ್ಲ ಒಂದೇ ದಿನ ಒಂದೇ ಪ್ರಶ್ನೆಪತ್ರಿಕೆಯನ್ನು ಬರೆಯುತ್ತಾರೆ ಎಂಬುದಷ್ಟೇ ಅವರ ಸಮಾನತೆ.

ಹಣವಂತೂ ಹೆಸರಿಗಿಂತ ನೇರವಾದ ದಾರಿಯನ್ನು ಹುಡುಕಿಕೊಂಡಿದೆ. ಈ ವಿಷಯದಲ್ಲಿ ಕರ್ನಾಟಕದ ಇತಿಹಾಸ ದೇಶಕ್ಕೆಲ್ಲ ಪರಿಚಿತವಾದದ್ದು. ೧೯೮೯ರ ಸರ್ಕಾರಿ ಅಧಿಸೂಚನೆಯಂತೆ ರಾಜ್ಯದ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ ೨,೦೦೦ ರೂಪಾಯಿ ಶುಲ್ಕವಾದರೆ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ ೨೫,೦೦೦ದವರೆಗೂ ಹೊರರಾಜ್ಯದವರಿಗೆ ೬೦,೦೦೦ದವರೆಗೂ ಶುಲ್ಕ ವಿಧಿಸಬಹುದಾಗಿತ್ತು. ಇದನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ ೧೯೯೨ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಕ್ಯಾಪಿಟೇಷನ್ ಶುಲ್ಕವು ವಿದ್ಯೆಯನ್ನು ಹಣವಂತರ ಸೊತ್ತಾಗಿಸುತ್ತದೆಂದು ಸಾರಿತು. ಮುಂದಿನ ತೀರ್ಪುಗಳು ಆ ನಿಲುವನ್ನು ಬೇರೆಬೇರೆ ರೀತಿಯಲ್ಲಿ ತಿದ್ದಿದವು, ೨೦೦೨ರ ಟಿ.ಎಂ.ಎ. ಪೈ ತೀರ್ಪು ಖಾಸಗಿ ಸಂಸ್ಥೆಗಳಿಗೆ ಶುಲ್ಕದಲ್ಲಿ ಸ್ವಾತಂತ್ರ್ಯ ಕೊಟ್ಟು, ಲಾಭಕೋರತನವನ್ನೂ ಕ್ಯಾಪಿಟೇಷನ್ನನ್ನೂ ನಿಷೇಧಿಸಿತು. ಪರಿಣಾಮವಾಗಿ ಇಂದು ಒಳ್ಳೆಯ ಕ್ರಮಾಂಕವಿದ್ದೂ ರೇಡಿಯಾಲಜಿಯ ಸೀಟು ಸಿಗದವನ ಮುಂದೆಯೇ, ಅವನಿಗಿಂತ ಬಹಳ ಹಿಂದಿನ ಕ್ರಮಾಂಕದವನು ಆಡಳಿತ ಮಂಡಳಿಯ ಕೋಟಾದಲ್ಲಿ ಅದೇ ವಿಭಾಗವನ್ನು ಪಡೆಯುವುದು ಸಾಧ್ಯ. ಹೆಸರಿನ ಪ್ರಭಾವವನ್ನು ಕುರಿತು ಮಾತನಾಡಿ ಹಣದ ಪ್ರಭಾವವನ್ನು ಕುರಿತು ಮೌನ ವಹಿಸುವ ನೀತಿವಿಚಾರ ಅರ್ಧ ಸತ್ಯವಾದೀತು.

ಪರೀಕ್ಷೆಯ ಇನ್ನೊಂದು ದೋಷ ಇದಕ್ಕಿಂತ ಗಂಭೀರವಾದುದು. ಪುಸ್ತಕದ ಜ್ಞಾನವನ್ನು ಅದು ಅಳೆಯುತ್ತದೆ. ಕೈಯ ಕೌಶಲವನ್ನೂ ಕಿವಿಯ ತಾಳ್ಮೆಯನ್ನೂ ಅಳೆಯದು. ಹೌಸ್ ಸರ್ಜನ್ ಆಗಿ ಹೆರಿಗೆ ವಾರ್ಡಿನಲ್ಲಿ ರಾತ್ರಿ ಕಳೆದವನಿಗೆ ಓದಲು ಸಮಯ ಸಾಲದು. ವಾರ್ಡನ್ನು ತಪ್ಪಿಸಿ ಕೋಣೆಯಲ್ಲಿ ಕುಳಿತು ಪ್ರಶ್ನೋತ್ತರ ಓದಿದವನಿಗೆ ಕ್ರಮಾಂಕ ಬರುತ್ತದೆ. ಹೀಗೆ ರೋಗಿಯ ಸೇವೆಯೇ ವೈದ್ಯನ ಉನ್ನತಿಗೆ ಅಡ್ಡಿಯಾಗುವ ವಿಪರೀತ ಸ್ಥಿತಿ ಏರ್ಪಡುತ್ತದೆ. ಆದರೆ ಇದಕ್ಕೆ ಪರಿಹಾರ ಕಾಲೇಜಿನ ಹೆಸರಿಗೆ ಮರಳಿ ಪಟ್ಟ ಕಟ್ಟುವುದಲ್ಲ. ವಾರ್ಡಿನ ಕೆಲಸವನ್ನೂ ಅಳೆಯಬಲ್ಲ, ಎಲ್ಲ ಕಾಲೇಜುಗಳಿಗೂ ಒಂದೇ ಆಗಿರುವ ಪ್ರಾಯೋಗಿಕ ಪರೀಕ್ಷೆಯನ್ನು ರೂಪಿಸುವುದೇ ಪರಿಹಾರ. ತಕ್ಕಡಿ ಸಾಲದಿದ್ದರೆ ಇನ್ನೂ ಒಳ್ಳೆಯ ತಕ್ಕಡಿಯನ್ನು ತರಬೇಕು; ತೂಗುವುದನ್ನೇ ಬಿಟ್ಟು ಅಂಗಡಿಯ ಫಲಕ ನೋಡಿ ಬೆಲೆ ಕಟ್ಟಬಾರದು.

ಕಾಲೇಜುಗಳಿಗೆ ಇರುವಂತೆ ವಿಭಾಗಗಳಿಗೂ ಒಂದು ಪ್ರತಿಷ್ಠೆಯಿದೆ. ರಾತ್ರಿಯ ಕರೆಗಳು ಕಡಿಮೆ, ಸಂಪಾದನೆ ಹೆಚ್ಚು ಇರುವ ವಿಭಾಗಗಳಿಗೆ ಮೊದಲ ಕ್ರಮಾಂಕದವರು ಮುಗಿಬೀಳುತ್ತಾರೆ. ಅಂಗರಚನಾಶಾಸ್ತ್ರ, ಜೀವರಸಾಯನಶಾಸ್ತ್ರ ಮೊದಲಾದ ಮೂಲಶಾಸ್ತ್ರಗಳ ಸ್ಥಾನಗಳು ಖಾಲಿ ಉಳಿಯುತ್ತವೆ. ೨೦೨೩ರಲ್ಲಿ ಖಾಲಿ ಸ್ಥಾನಗಳನ್ನು ತುಂಬುವ ಸಲುವಾಗಿ ಅರ್ಹತೆಯ ಶೇಕಡಾಂಶವನ್ನು ಸೊನ್ನೆಗೆ ಇಳಿಸಲಾಯಿತು. ಅಂದರೆ ಪರೀಕ್ಷೆಗೆ ಕುಳಿತವರೆಲ್ಲರೂ ಅರ್ಹರೆನಿಸಿದರು. ಒಂದು ಬಾಗಿಲಲ್ಲಿ ನೂಕುನುಗ್ಗಲು, ಪಕ್ಕದ ಬಾಗಿಲಲ್ಲಿ ಯಾರೂ ಇಲ್ಲ. ಹೊಸ ಕಾಲೇಜುಗಳಿಗೆ ಮೊದಲ ವರ್ಷದಿಂದಲೇ ಬೇಕಾದವರು ಈ ಮೂಲಶಾಸ್ತ್ರಗಳ ಅಧ್ಯಾಪಕರು ಎಂಬುದನ್ನು ನೆನೆದರೆ ಈ ಖಾಲಿ ಬಾಗಿಲಿನ ಅರ್ಥ ಹೊಳೆಯುತ್ತದೆ.

ತಾಲ್ಲೂ‌ಕು ಆಸ್ಪತ್ರೆಯ ಅಗತ್ಯವಾದರೂ ಏನು? ಬ್ಯಾಡಗಿಯ ಹಳ್ಳಿಯೊಂದರ ಗರ್ಭಿಣಿಗೆ ನಡುರಾತ್ರಿ ಶಸ್ತ್ರಚಿಕಿತ್ಸೆಯ ಹೆರಿಗೆ ಅನಿವಾರ್ಯವಾದಾಗ ಪ್ರಸೂತಿ ತಜ್ಞರೊಬ್ಬರೇ ಇದ್ದರೆ ಸಾಲದು. ಅರಿವಳಿಕೆ ನೀಡುವವರು ಬೇಕು, ಹುಟ್ಟಿದ ಮಗುವನ್ನು ನೋಡಿಕೊಳ್ಳುವ ಮಕ್ಕಳ ತಜ್ಞರು ಬೇಕು, ರಕ್ತ ಬೇಕು. ಇವರಲ್ಲಿ ಒಬ್ಬರಿಲ್ಲದಿದ್ದರೂ ಆಂಬುಲೆನ್ಸ್ ಹುಬ್ಬಳ್ಳಿಯ ಅಥವಾ ದಾವಣಗೆರೆಯ ದಾರಿ ಹಿಡಿಯಬೇಕಾಗುತ್ತದೆ. ಆ ತಾಯಿಗೆ ಅರಿವಳಿಕೆ ವೈದ್ಯನ ಕ್ರಮಾಂಕ ಬೇಕಿಲ್ಲ, ಕಾಲೇಜಿನ ಹೆಸರೂ ಬೇಕಿಲ್ಲ. ಅವನು ಆ ಹೊತ್ತಿಗೆ ಅಲ್ಲಿರುವುದು ಬೇಕು, ಅವನ ಕೆಲಸ ಅವನಿಗೆ ಬರುವುದು ಬೇಕು. ಪ್ರತಿಷ್ಠೆಯು ಅಳೆಯದೆ ಬಿಡುವ ಗುಣಗಳಲ್ಲಿ ಅಲ್ಲಿರುವಿಕೆಯೂ ಒಂದು.

ಇಷ್ಟು ವಿಚಾರದಿಂದ ಕರ್ತವ್ಯಗಳು ತಾವಾಗಿ ಸ್ಪಷ್ಟವಾಗುತ್ತವೆ. ಮೊದಲನೆಯದು ಸರ್ಕಾರದ್ದು. ಹೊಸ ಕಾಲೇಜಿಗೆ ಕಟ್ಟಡ ಕಟ್ಟಿ ಫಲಕ ತೂಗುಹಾಕುವುದರಿಂದ ಸಮಾನತೆ ಬಾರದು. ಹಳೆಯ ಹೆಸರುಗಳ ಒಳಗೆ ಅಡಗಿರುವ ವಸ್ತುಗಳನ್ನು, ಎಂದರೆ ಅನುಭವಿ ಅಧ್ಯಾಪಕರನ್ನು, ಗ್ರಂಥಾಲಯವನ್ನು, ಸುಸಜ್ಜಿತ ವಾರ್ಡುಗಳನ್ನು, ಓದಲು ಬಿಡುವನ್ನು, ಹೊಸ ಕಾಲೇಜಿಗೂ ಒದಗಿಸಬೇಕು. ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಗಳಲ್ಲಿ ಕೆಲಸ ಮಾಡಬೇಕೆಂದು ೨೦೨೦ರಲ್ಲಿ ರೂಪಿತವಾದ ಜಿಲ್ಲಾ ನಿವಾಸಿ ವೈದ್ಯ ಯೋಜನೆ ಈ ದಿಕ್ಕಿನ ಒಂದು ಹೆಜ್ಜೆ. ದೊಡ್ಡ ಕಾಲೇಜಿನ ವಿದ್ಯೆ ಅದರಿಂದ ಜಿಲ್ಲೆಗೆ ಬರುತ್ತದೆ, ಜಿಲ್ಲೆಯ ರೋಗಿಯ ಪರಿಚಯ ದೊಡ್ಡ ಕಾಲೇಜಿನವನಿಗೂ ಆಗುತ್ತದೆ.

ಎರಡನೆಯ ಕರ್ತವ್ಯ ವೈದ್ಯರನ್ನು ನೇಮಿಸಿಕೊಳ್ಳುವ ಆಸ್ಪತ್ರೆಗಳದ್ದೂ ವಿದ್ಯಾರ್ಥಿವೇತನ ನೀಡುವ ಧರ್ಮಸಂಸ್ಥೆಗಳದ್ದೂ ಆಗಿದೆ. ಅರ್ಜಿಯಲ್ಲಿ ಕಾಲೇಜಿನ ಹೆಸರು ಕಂಡ ಕೂಡಲೇ ಒಂದನ್ನು ಮೇಲಕ್ಕೂ ಇನ್ನೊಂದನ್ನು ಕೆಳಕ್ಕೂ ಇಡುವ ಅಭ್ಯಾಸವನ್ನು ಅವು ಬಿಡಬೇಕು. ಚೀಲ ಬಿಚ್ಚಿ ನೋಡುವಷ್ಟು ತಾಳ್ಮೆ ವ್ಯಾಪಾರಿಗೆ ಇರುವಾಗ ಧರ್ಮಕಾರ್ಯ ಮಾಡುವವರಿಗೆ ಇರಬಾರದೇ? ಪ್ರಸಿದ್ಧ ಕಾಲೇಜಿನವನಿಗೆ ನೆರವು ನೀಡಿದರೆ ದಾನಿಯ ಹೆಸರೂ ಬೆಳಗುತ್ತದೆಂಬ ಆಸೆ ಅದರಲ್ಲಿ ಸೇರಿಕೊಂಡಿದ್ದರೆ ಅದು ದಾನವಲ್ಲ, ಕೀರ್ತಿಯ ವಿನಿಮಯ. ಮೂರನೆಯ ಕರ್ತವ್ಯ ಜನಸಾಮಾನ್ಯರದು. ವೈದ್ಯನ ಫಲಕದ ಮೇಲಿನ ಕಾಲೇಜನ್ನು ಓದಿ ತೀರ್ಪು ಕೊಡುವ ಬದಲು, ಅವನು ರೋಗಿಯ ಮಾತನ್ನು ಕೇಳುತ್ತಾನೆಯೇ, ತನಗೆ ತಿಳಿಯದ್ದನ್ನು ತಿಳಿಯದೆಂದು ಒಪ್ಪಿ ಬಲ್ಲವರಲ್ಲಿಗೆ ಕಳುಹಿಸುತ್ತಾನೆಯೇ, ಬೇಡದ ಪರೀಕ್ಷೆಗಳನ್ನು ಬರೆಯದೆ ಇರುತ್ತಾನೆಯೇ ಎಂಬುದನ್ನು ವಿಚಾರಿಸಬೇಕು. ಇವು ಸಾಮಾನ್ಯನೂ ಮಾಡಬಲ್ಲ ಪರೀಕ್ಷೆಗಳು.

ನಾಲ್ಕನೆಯ ಕರ್ತವ್ಯ ಹೆಸರನ್ನು ಹೊತ್ತವನದು; ಅದೇ ಎಲ್ಲಕ್ಕಿಂತ ಕಠಿಣವಾದದ್ದು. ಈ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರವು ಸಾವಿರ ವರ್ಷಗಳ ಹಿಂದೆ ವಿದ್ಯಾಕೇಂದ್ರವಾಗಿ ಪ್ರಸಿದ್ಧವಾಗಿತ್ತು. ಅಲ್ಲಿನ ಅಜಿತಸೇನಾಚಾರ್ಯರು ಗಂಗರಾಜ್ಯದ ಮಂತ್ರಿಯೂ ಸೇನಾಪತಿಯೂ ಆಗಿದ್ದ ಚಾವುಂಡರಾಯನಿಗೆ ಗುರುಗಳು; ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನಿಗೂ ಅವರೇ ಗುರುಗಳು. ಅಧಿಕಾರದ ಮನೆಯಿಂದ ಬಂದವನೂ ಬಳೆ ಮಾರುವ ಮನೆಯಿಂದ ಬಂದವನೂ ಒಬ್ಬರೇ ಗುರುವಿನಿಂದ ಕಲಿತರು. ರನ್ನನು ತನ್ನ ಕಾವ್ಯದಲ್ಲಿ ಗುರುವನ್ನು ಸ್ಮರಿಸಿಕೊಂಡಿದ್ದಾನೆ. ತನ್ನ ಬಳೆಗಾರ ಕುಲವನ್ನೂ ಮುಚ್ಚಿಟ್ಟಿಲ್ಲ. ಆದರೆ ಅವನ ಕಾವ್ಯವನ್ನು ಅಜಿತಸೇನರ ಶಿಷ್ಯನದೆಂಬ ಕಾರಣಕ್ಕೆ ಯಾರೂ ಓದುವುದಿಲ್ಲ. ಅದು ಕಾವ್ಯವಾಗಿರುವುದರಿಂದ ಓದುತ್ತಾರೆ. ಗುರುವಿನ ಹೆಸರು ಅಲ್ಲಿ ಋಣದ ಸ್ಮರಣೆಯೇ ಹೊರತು ಅರ್ಹತೆಯ ಪ್ರಮಾಣಪತ್ರವಲ್ಲ.

ಕಾಲೇಜಿನ ಹೆಸರನ್ನೂ ಹೀಗೆಯೇ ಕಾಣಬೇಕು. ಹುಬ್ಬಳ್ಳಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಓದಿದ ವೈದ್ಯನು ಆ ಹೆಸರನ್ನು ಗಳಿಸಿದವನಲ್ಲ; ಅವನಿಗಿಂತ ಹಿಂದಿನವರು ಗಳಿಸಿಟ್ಟದ್ದನ್ನು ಪಡೆದವನು. ಸಾರ್ವಜನಿಕರ ತೆರಿಗೆ, ಗುರುಗಳ ಶ್ರಮ, ತಮ್ಮ ದೇಹವನ್ನೇ ಪಾಠಕ್ಕೆ ಒಡ್ಡಿದ ಬಡ ರೋಗಿಗಳ ಸಹನೆ ಇವೆಲ್ಲ ಸೇರಿ ಆದ ಹೆಸರು ಅದು. ಪಡೆದದ್ದನ್ನು ಋಣವೆಂದು ತಿಳಿದವನು ತೀರಿಸಲು ಯತ್ನಿಸುತ್ತಾನೆ. ಹಕ್ಕೆಂದು ತಿಳಿದವನು ಇನ್ನಷ್ಟು ಬೇಡುತ್ತಾನೆ. ಹೆಸರಿಲ್ಲದ ಕಾಲೇಜಿನಿಂದ ಬಂದವನ ಕರ್ತವ್ಯವೂ ಇದಕ್ಕಿಂತ ಭಿನ್ನವಲ್ಲ. ಹೆಸರಿಲ್ಲವೆಂಬ ಕೀಳರಿಮೆಯೂ ಹೆಸರಿದೆಯೆಂಬ ಮದದಷ್ಟೇ ವೈದ್ಯನ ಕಣ್ಣನ್ನು ರೋಗಿಯಿಂದ ತನ್ನ ಕಡೆಗೆ ತಿರುಗಿಸುತ್ತದೆ.

ಹಾವೇರಿಯ ಕಾಲೇಜಿಗೂ ಒಂದು ದಿನ ಹೆಸರು ಬಂದೀತು. ಅದು ಬರುವುದು ಅಲ್ಲಿಂದ ಎಷ್ಟು ಮಂದಿ ರೇಡಿಯಾಲಜಿಗೆ ಸೇರಿದರು ಎಂಬ ಲೆಕ್ಕದಿಂದಲೋ, ಅಲ್ಲಿ ಕಲಿತವರ ಕೈಯಲ್ಲಿ ಎಷ್ಟು ರೋಗಿಗಳು ನೆಮ್ಮದಿಯಿಂದ ಮನೆಗೆ ಮರಳಿದರು ಎಂಬ ಲೆಕ್ಕದಿಂದಲೋ ಎಂಬುದನ್ನು ಮೊದಲ ತಂಡಗಳವರೂ ಅವರನ್ನು ಬೆಳೆಸುವ ಜನರೂ ಈಗಲೇ ನಿಶ್ಚಯಿಸಬೇಕಾಗಿದೆ.